ಡ್ರಾಯಿಂಗ್ ಮಾಷ್ಟ್ರನ್ನು ನಾನು ಓಡಿಸಿದ್ದು

ಸುಟ್ಟು ಕರಕಲಾದ ಪಂಪಿನ ಮೋಟಾರನ್ನು ಬಿಚ್ಚಿ, ತಂತಿ ಸುತ್ತಿ, ಮತ್ತೆ ಬಾವಿಯಿಂದ ನೀರು ಎತ್ತುವ ಹಾಗೆ ಮಾಡುವವನಿಗೆ ಒಂದು ಸರಕಾರಿ ಶಾಲೆಯ ಕಲಾ ಶಿಕ್ಷಣವನ್ನು ಮೇಲೆತ್ತುವುದು ಯಾವ ಮಹಾ ವಿಷಯ? ಹೀಗೆಂದು ನಾನು ನನ್ನ ಹೆಂಡತಿ ಶಶಿಕಲಾಳ ಹತ್ತಿರ ಹೇಳಿದ್ದು ಹೌದು. ಅವಳು ಉತ್ತರ ಕೊಡಲಿಲ್ಲ. ಮದುವೆಯಾದಲ್ಲಿಂದ ಅವಳು ಉತ್ತರ ಕೊಡದೆ ಸುಮ್ಮನಿದ್ದಾಗಲೆಲ್ಲ ನನಗೆ ಏನಾದರೊಂದು ಆಗಿಯೇ ಆಗಿದೆ. ಆದರೂ ನನಗೆ ಬುದ್ಧಿ ಬಂದಿಲ್ಲ, ನೋಡಿ.

ನಾನು ಜಗನ್ನಾಥ ರೈ. ಬೆಟ್ಟಂಪಾಡಿ ಕಡೆಗೆ ಹೋಗುವ ರಸ್ತೆ ಬದಿಯಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ ಉಂಟು. ಮಗಳು ಧನ್ಯಾ ಊರಿನ ಸರಕಾರಿ ಶಾಲೆಯಲ್ಲಿ ಆರನೇ ಕ್ಲಾಸು. ಆ ಲೆಕ್ಕದಲ್ಲಿ ನಾನು ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ. ಅಧ್ಯಕ್ಷ ಅಂದ ಕೂಡಲೇ ನೀವು ಹೆದರಬೇಡಿ. ಮಾಡಿನ ಹಂಚು ಒಡೆದರೆ ಫೋನು ನನಗೆ, ಬೋರಿನಲ್ಲಿ ನೀರು ಬಾರದಿದ್ದರೆ ಫೋನು ನನಗೆ, ಬಾವುಟ ಕಂಬದ ಅರ್ಧದಲ್ಲಿ ಸಿಕ್ಕಿಹಾಕಿಕೊಂಡರೆ ಎಲ್ಲರೂ ನೋಡುವುದು ನನ್ನ ಮುಖ. ಅಷ್ಟೇ.

ನಮ್ಮ ಶಾಲೆಯಲ್ಲಿ ಹಿಂದೆ ಒಬ್ಬರು ಡ್ರಾಯಿಂಗ್ ಮಾಷ್ಟ್ರು ಇದ್ದರು. ಅವರು ರಿಟೈರ್ ಆದರು, ಆ ಕುರ್ಚಿ ಖಾಲಿಯೇ ಉಳಿಯಿತು. ಡ್ರಾಯಿಂಗ್ ಪಿರಿಯಡಿನಲ್ಲಿ ಒಮ್ಮೆ ಗಣಿತ, ಒಮ್ಮೆ ಅಂಗಳದ ಹುಲ್ಲು ಕೀಳುವುದು. ಚಿತ್ರದ ಹಲಗೆ ನಿಲ್ಲಿಸುವ ಸ್ಟ್ಯಾಂಡು ಬಿಸಿಯೂಟದ ಕೋಣೆಯಲ್ಲಿ ಕುಂಬಳಕಾಯಿ ಹೊತ್ತುಕೊಂಡು ನಿಂತಿತ್ತು. ಇದರಿಂದ ಊರಿನಲ್ಲಿ ಯಾರಿಗೂ ಬೇಸರ ಇರಲಿಲ್ಲ, ಶಾಹಿನಾ ಒಬ್ಬಳನ್ನು ಬಿಟ್ಟರೆ.

ಶಾಹಿನಾ ನನ್ನ ಪಕ್ಕದ ಜೀನಸು ಅಂಗಡಿಯ ಹಮೀದಾಕನ ಮಗಳು, ಏಳನೇ ಕ್ಲಾಸು. ಬಾಯಿ ಬಿಟ್ಟು ಮಾತಾಡುವುದು ಅಪರೂಪ. ಸಾಮಾನು ಕಟ್ಟುವ ಕಾಗದ ಸಿಕ್ಕಿದರೆ ಸಾಕು, ಒಂದು ಮೂಲೆಯಲ್ಲಿ ಕೂತು ಚಿತ್ರ ಬಿಡಿಸುತ್ತಾಳೆ. ಒಮ್ಮೆ ನಾನು ಕೆಲಸ ಮಾಡುತ್ತಿದ್ದಾಗ ಎದುರಿನ ಸ್ಟೂಲಿನಲ್ಲಿ ಕೂತು ಮೋಟಾರಿನ ಚಿತ್ರ ಬಿಡಿಸಿದಳು. ತಂತಿಯ ಒಂದೊಂದು ಸುತ್ತೂ ಅದರಲ್ಲಿತ್ತು. ನಾನು ಹೊಗಳಿದೆ. ಅವಳಿಗೆ ಸಮಾಧಾನ ಆಗಲಿಲ್ಲ.

"ಚಪ್ಪಟೆ ಆಗಿದೆ ಮಾಮ. ಉರುಟು ಇದ್ದದ್ದು ಉರುಟೇ ಕಾಣುದು ಹೇಗೆ? ನಾನು ಹಲಸಿನ ಹಣ್ಣು ಬಿಡಿಸಿದ್ರೆ ಚಪಾತಿ ಆಗ್ತದೆ."

ನನಗೆ ಗೊತ್ತಿದ್ದರೆ ಹೇಳುತ್ತಿದ್ದೆ. ದುಂಡಗೆ ಕಾಣಿಸಲು ನೆರಳು ಹಾಕುವುದರಲ್ಲಿ ಎಂತದೋ ಉಂಟಂತೆ, ಡ್ರಾಯಿಂಗ್ ಮಾಷ್ಟ್ರು ಬಂದರೆ ಮೊದಲು ಅದನ್ನೇ ಕೇಳಲಿಕ್ಕೆ ಉಂಟು ಎಂದು ಅವಳೇ ಹೇಳಿದಳು. ಅದು ಅವಳು ನನ್ನ ಹತ್ತಿರ ಆಡಿದ ಅತಿ ಉದ್ದದ ಮಾತು.

ಹಾಗಿರುವಾಗ ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಹೆಡ್ ಟೀಚರ್ ವನಜಾ ಟೀಚರ್ ಸಭೆ ಕರೆದರು. ತಾಲೂಕಿಗೆ ಒಬ್ಬರು ಡ್ರಾಯಿಂಗ್ ಮಾಷ್ಟ್ರು ಬಂದಿದ್ದಾರೆ, ಅವರು ಕೆಲವು ಶಾಲೆಗಳಿಗೆ ವಾರಕ್ಕೊಮ್ಮೆ ಹೋಗುವುದು, ಯಾವ ಯಾವ ಶಾಲೆಗೆ ಎಂದು ಪುತ್ತೂರಿನಿಂದ ಶಿಕ್ಷಣ ಇಲಾಖೆಯ ಸಾಹೇಬರು ಬಂದು ನೋಡಿ ತೀರ್ಮಾನ ಮಾಡುತ್ತಾರೆ ಎಂದರು. ಟೀಚರದ್ದು ಸರಳ ಲೆಕ್ಕ. ಖಾಲಿ ಕುರ್ಚಿ ತೋರಿಸುವುದು, ಕುಂಬಳಕಾಯಿ ಹೊತ್ತ ಸ್ಟ್ಯಾಂಡು ತೋರಿಸುವುದು, ಶಾಹಿನಾಳ ಚಿತ್ರಗಳನ್ನು ಗೋಡೆಗೆ ಅಂಟಿಸುವುದು, ಇವಳಿಗೆ ಕಲಿಸುವವರು ಇಲ್ಲ ಸರ್ ಎನ್ನುವುದು. ಮುಗಿಯಿತು.

ಕೇಳಿ ನನಗೆ ಮೈ ಉರಿದು ಹೋಯಿತು. ಸರಕಾರದ ದೊಡ್ಡ ಮನುಷ್ಯರು ಊರಿಗೆ ಬರುವಾಗ ಸಾಮಾನು ಕಟ್ಟುವ ಕಾಗದ ತೋರಿಸುವುದಾ? ಕುಂಬಳಕಾಯಿ ತೋರಿಸುವುದಾ? ಊರಿನ ಮಾನ ಎಲ್ಲಿ ಉಳಿಯಿತು? ಶಾಲೆಗೆ ಕಲೆಯಲ್ಲಿ ಎಷ್ಟು ಆಸಕ್ತಿ ಉಂಟು ಎಂದು ಮಾಡಿ ತೋರಿಸಬೇಕು, ಸಾಹೇಬರು ದಂಗಾಗಬೇಕು, ಆ ಜವಾಬ್ದಾರಿ ಅಧ್ಯಕ್ಷನಾದ ನನ್ನದು ಎಂದು ಮೇಜು ಕುಟ್ಟಿ ಘೋಷಿಸಿದೆ. ಟೀಚರ್ ಏನೋ ಹೇಳಲು ಹೊರಟರು. ನಾನು ಬಿಡಲಿಲ್ಲ.

ಇಲ್ಲಿ ನನ್ನ ಕಲಾಜೀವನದ ಬಗ್ಗೆ ಎರಡು ಮಾತು ಹೇಳಬೇಕು. ನಾನು ತಾಳಮದ್ದಳೆಯಲ್ಲಿ ಅರ್ಥ ಹೇಳುವವನು. ತಾಳಮದ್ದಳೆ ಅಂದರೆ ವೇಷವೂ ಇಲ್ಲ, ಕುಣಿತವೂ ಇಲ್ಲದ ಯಕ್ಷಗಾನ. ಭಾಗವತರು ಪದ್ಯ ಹೇಳುತ್ತಾರೆ, ನಾವು ಪಂಚೆ ಉಟ್ಟು ಕೂತಲ್ಲಿಂದಲೇ ಸ್ವಂತ ಮಾತಿನಲ್ಲಿ ಯುದ್ಧ ಮಾಡುತ್ತೇವೆ. ಭಜನಾ ಮಂದಿರದ ಕೂಟದಲ್ಲಿ ನನಗೆ ಖಾಯಂ ಆಗಿ ಒಂದು ಪಾತ್ರ ಇರುತ್ತದೆ. ದೂತನದ್ದು. "ಪ್ರಭೂ, ಅಪ್ಪಣೆ" ಎಂದು ಹೇಳಿದರೆ ನನ್ನ ಪಾತ್ರ ಮುಗಿಯಿತು. ಆದರೂ ರಾಜರ ಪಕ್ಕದಲ್ಲೇ ಕೂತು ಕೇಳಿದವನಲ್ಲವೇ ನಾನು? ನನ್ನೊಳಗೆ ಎಷ್ಟು ವರ್ಷದ ಮಾತು ಕಟ್ಟಿ ನಿಂತಿತ್ತೋ ದೇವರಿಗೇ ಗೊತ್ತು.

ಅದೆಲ್ಲ ಆ ಮಕ್ಕಳ ಮೇಲೆ ಹರಿಯಿತು.

ಪುರಾಣದ ಕಥೆ ಮಕ್ಕಳಿಗೆ ಭಾರವಾದೀತೆಂದು ನಾನೇ ಒಂದು ಪ್ರಸಂಗ ಕಟ್ಟಿದೆ. "ಮಾವು ಹಲಸು ಕಾಳಗ." ಹಣ್ಣುಗಳ ಸಿಂಹಾಸನಕ್ಕಾಗಿ ಮಾವಿನರಸನಿಗೂ ಹಲಸಿನರಸಿಗೂ ವಾಗ್ಯುದ್ಧ. ಮಾವಿನರಸ ನನ್ನ ಮಗಳು ಧನ್ಯಾ. ಹಲಸಿನರಸಿಯ ಪಾತ್ರಕ್ಕೆ ಯಾರೂ ಮುಂದೆ ಬರಲಿಲ್ಲ, ಮೈಯೆಲ್ಲ ಮುಳ್ಳು ಎಂದು ನಗುತ್ತಾರಂತೆ. ಹಿಂದಿನ ಬೆಂಚಿನಲ್ಲಿ ಶಾಹಿನಾ ಹಲಸಿನ ಹಣ್ಣನ್ನೇ ಬಿಡಿಸುತ್ತಿದ್ದಳು. ಪೆನ್ಸಿಲ್ ಕಿಸೆಗೆ ಹಾಕು, ಎದ್ದು ಬಾ, ಬಾಯಿ ಬಿಟ್ಟು ಮಾತಾಡುವುದೇ ದೊಡ್ಡ ಕಲೆ ಎಂದೆ. ಅವಳು ಹೆದರಿ ಎದ್ದು ಬಂದಳು.

ಅರ್ಥ ಹೇಳುವವರಿಗೆ ಮೊದಲ ಪಾಠ ಒಂದೇ. ಎದುರಿನವರು ಎಂತ ಹೇಳಿದರೂ ಒಪ್ಪಬಾರದು, ಅವರ ಮಾತಿನಿಂದಲೇ ಅವರನ್ನು ಕಟ್ಟಿಹಾಕಬೇಕು. ಈ ಪಾಠವನ್ನು ನಾನು ಬಹಳ ಚೆನ್ನಾಗಿ ಕಲಿಸಿದೆ. ಅಷ್ಟು ಚೆನ್ನಾಗಿ ಕಲಿಸಬಾರದಿತ್ತು!

ಮೊದಲ ಪೆಟ್ಟು ನನ್ನ ಮನೆಯಲ್ಲೇ ಬಿತ್ತು. ಬೆಳಿಗ್ಗೆ ಶಶಿ ಮಗಳಿಗೆ ಸ್ನಾನಕ್ಕೆ ಹೋಗು ಎಂದಳು. ಮಗಳು ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಟವೆಲನ್ನು ಶಾಲಿನ ಹಾಗೆ ಹೊದ್ದು, ಒಂದು ಕೈ ಎತ್ತಿದಳು.

"ತಾಯೇ, ಸ್ನಾನ ಮಾಡೆಂದು ಅಪ್ಪಣೆಯಾಯಿತು. ಸಂತೋಷ. ಆದರೆ ನಿನ್ನೆ ನಾನು ಮಾಡಿದ ಸ್ನಾನದಲ್ಲಿ ನೀನು ಕಂಡ ದೋಷ ಯಾವುದು? ದೋಷವಿಲ್ಲದಿದ್ದರೆ ಇಂದು ಪುನಃ ಏಕೆ? ದೋಷವಿದ್ದರೆ ನಿನ್ನೆಯೇ ಏಕೆ ಹೇಳಲಿಲ್ಲ?"

ಶಶಿ ಒಲೆಯ ಸೌಟು ಹಿಡಿದುಕೊಂಡು ಹೊರಗೆ ಬಂದಳು. ಮಗಳ ಕಡೆಗಲ್ಲ, ನನ್ನ ಕಡೆಗೆ! "ಇದಾ ನಿಮ್ಮ ಕಲೆ?" ಎಂದು ಕೇಳಿದಳು. ನಾನು ಪೇಪರಿನಲ್ಲಿ ಮುಖ ಮುಚ್ಚಿಕೊಂಡೆ. ಒಳಗೊಳಗೆ ಹೆಮ್ಮೆಯೂ ಆಯಿತೆನ್ನಿ, ಮಗಳ ಪೀಠಿಕೆ ಅಷ್ಟು ಸೊಗಸಾಗಿತ್ತು.

ಅಂಗಡಿಗೆ ಬಂದರೆ ಅಲ್ಲಿ ಹಮೀದಾಕ ಕಾದು ನಿಂತಿದ್ದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಹಿಂದಿನ ಸಂಜೆ ಅವನು ಮಗಳನ್ನು ಅಂಗಡಿಯಲ್ಲಿ ಕೂರಿಸಿ ನಮಾಜಿಗೆ ಹೋಗಿದ್ದನಂತೆ. ಗಿರಾಕಿಯೊಬ್ಬರು ಬಾಳೆಹಣ್ಣು ತಿಂದು ನೋಡಿ ಹುಳಿ ಉಂಟಲ್ಲ ಎಂದರಂತೆ. ಅದಕ್ಕೆ ಶಾಹಿನಾ, ಹುಳಿಯೆಂಬುದು ಹಣ್ಣಿನ ದೋಷವೋ, ರುಚಿ ನೋಡಿದ ನಾಲಿಗೆಯ ದೋಷವೋ, ಮೊದಲು ನಿರ್ಣಯವಾಗಲಿ ಎಂದಳಂತೆ. ಗಿರಾಕಿ ಈಗ ಎದುರಿನ ಅಂಗಡಿಗೆ ಹೋಗುತ್ತಾರೆ. "ನನ್ನ ಮಗಳು ಮೊದ್ಲು ಮಾತೇ ಆಡ್ತಿರ್ಲಿಲ್ಲ ರೈಗಳೇ. ನೀವು ಎಂತ ಕುಡಿಸಿದ್ದು ಅವಳಿಗೆ?" ಎಂದು ಹಮೀದಾಕ ದೀನನಾಗಿ ಕೇಳಿದ.

ಶಾಲೆಯಲ್ಲಿ ಇನ್ನೂ ಕಷ್ಟ. ಬಿಸಿಯೂಟದ ಕಮಲಕ್ಕ ಹಾಗಲಕಾಯಿ ತಿನ್ನಲು ಹೇಳಿದ್ದಕ್ಕೆ ನಾಲ್ಕನೇ ಕ್ಲಾಸಿನ ಪೋರನೊಬ್ಬ ವಾದ ಎತ್ತಿ, ಸಾಲಿನಲ್ಲಿ ಕೂತವರೆಲ್ಲ ಎರಡು ಪಕ್ಷವಾಗಿ, ಸಾಂಬಾರು ತಣ್ಣಗಾಗಿ, ಕೊನೆಗೆ ಕಮಲಕ್ಕನೇ ಸೋತು ಹಾಗಲಕಾಯಿಯನ್ನು ವಾಪಸು ಕೊಂಡುಹೋದರು. ವನಜಾ ಟೀಚರ್ ನನ್ನನ್ನು ಕರೆಸಿ ಕೈಮುಗಿಯುವುದೊಂದು ಬಾಕಿ. ಮಾರಾಯ್ರೆ, ಇದನ್ನು ಇಲ್ಲಿಗೇ ಸಾಕು ಮಾಡಿ, ಗೋಡೆಗೆ ಆ ಹುಡುಗಿಯ ಚಿತ್ರ ಅಂಟಿಸುವಾ ಎಂದರು. ಮುಂದೆ ಬಂದವರು ಹಿಂದೆ ಹೋಗುವುದುಂಟೇ ಟೀಚರ್ ಎಂದು ನಾನು ಕೇಳಿದೆ. ಪಾಪ, ಅವರಿಗೆ ಅರ್ಥ ಹೇಳಿ ಅಭ್ಯಾಸ ಇರಲಿಲ್ಲ.

ಆದರೆ ಅವರದ್ದೊಂದು ಸಂಶಯ ನ್ಯಾಯವಾದದ್ದಾಗಿತ್ತು. ಈ ಮಕ್ಕಳು ಶುರು ಮಾಡಿದರೆ ನಿಲ್ಲಿಸುವುದಿಲ್ಲವಲ್ಲ, ಸಾಹೇಬರ ಎದುರು ಎಂತ ಮಾಡುವುದು? ತಾಳಮದ್ದಳೆಯಲ್ಲಿ ಯಾರ ಮಾತಾದರೂ ಉದ್ದ ಎಳೆದರೆ ಭಾಗವತರು ತಾಳ ಕುಟ್ಟಿ ಮುಂದಿನ ಪದ್ಯ ಎತ್ತುತ್ತಾರೆ. ಆಗ ಎಂಥ ಅರ್ಥಧಾರಿಯೂ ಬಾಯಿ ಮುಚ್ಚಲೇಬೇಕು. ನಮ್ಮಲ್ಲಿ ಭಾಗವತರಿಲ್ಲ. ಹಾಗಾಗಿ ನಾನು ಕೈ ಎತ್ತಿದ ಕೂಡಲೇ ಟೀಚರ್ ಶಾಲೆಯ ಗಂಟೆ ಬಡಿಯುವುದೆಂದು ನಿರ್ಣಯಿಸಿದೆ. ಈ ಉಪಾಯ ಹೊಳೆದದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಸಾಹೇಬರು ಬರುವ ದಿನ ಬಂತು. ನಾನು ಶಾಮಿಯಾನ ಹಾಕಿಸಿದ್ದೆ, ಭಜನಾ ಮಂದಿರದಿಂದ ಕುರ್ಚಿ ತರಿಸಿದ್ದೆ, ಅಂಗಡಿಯ ತಾಮ್ರದ ತಂತಿಯಲ್ಲಿ ತೋರಣ ಮಾಡಿ ಕಟ್ಟಿದ್ದೆ. ಸ್ಟ್ಯಾಂಡಿನ ಮೇಲಿನ ಕುಂಬಳಕಾಯಿಯನ್ನು ಇಳಿಸಿ, ಸ್ಟ್ಯಾಂಡಿಗೆ ಜರಿಯ ಶಾಲು ಹೊದೆಸಿ, ಅದರ ಮೇಲೆ ಸ್ವಾಗತ ಫಲಕ ಇಟ್ಟೆ. ಖಾಲಿ ಕುರ್ಚಿಯಲ್ಲಿ ನಾನೇ ಕೂತೆ. ಬೆಳಿಗ್ಗೆಯೇ ಟೀಚರ್ ಗೋಡೆಗೆ ಶಾಹಿನಾಳ ಚಿತ್ರಗಳನ್ನು ಅಂಟಿಸಿಬಿಟ್ಟಿದ್ದರು. ಒಂದರ ಹಿಂದೆ ಎಣ್ಣೆಯ ಜಿಡ್ಡು, ಇನ್ನೊಂದರಲ್ಲಿ ಬೆಲ್ಲದ ಕಲೆ. ಯಾರೂ ನೋಡುವ ಮೊದಲು ನಾನು ಎಲ್ಲವನ್ನೂ ತೆಗೆದು ಕಪಾಟಿಗೆ ತುಂಬಿಸಿ ಬೀಗ ಹಾಕಿ ಬೀಗದ ಕೈ ಕಿಸೆಗೆ ಹಾಕಿಕೊಂಡೆ. ಶಾಹಿನಾ ಖಾಲಿ ಗೋಡೆ ನೋಡಿದಳು, ನನ್ನನ್ನು ನೋಡಿದಳು. ಪ್ರಸಂಗ ಗೆಲ್ಲಿಸು, ಮಾಷ್ಟ್ರು ಬಂದೇ ಬರ್ತಾರೆ ಎಂದು ಅವಳ ತಲೆ ಸವರಿದೆ.

ಸಾಹೇಬರು ಬಂದು ಕೂತರು. ಸುಳ್ಯ ಕಡೆಯವರು, ಗಂಭೀರ ಮುಖ, ಕೈಯಲ್ಲಿ ಒಂದು ಫೈಲು. ಕಾಳಗ ಶುರುವಾಯಿತು.

ಧನ್ಯಾ ಮಾವಿನ ಕುಲಗೌರವ ಹೇಳಿ, ಮದುವೆ ಮುಂಜಿಗೆ ತೋರಣವಾಗುವುದು ತನ್ನ ಎಲೆಯೇ ಎಂದು ಮೆರೆದು, ಮೈಯೆಲ್ಲ ಮುಳ್ಳು ತುಂಬಿದ ನಿನ್ನನ್ನು ಸಿಂಹಾಸನದಲ್ಲಿ ಕೂರಿಸಿದರೆ ಮೊದಲು ಹರಿಯುವುದು ಸಿಂಹಾಸನದ ಬಟ್ಟೆ ಎಂದು ಮೂದಲಿಸಿದಳು. ಜನ ನಕ್ಕರು. ಶಾಹಿನಾ ನಗು ನಿಲ್ಲುವವರೆಗೆ ಕಾದಳು. ಆಮೇಲೆ ಮೆಲ್ಲಗೆ ಶುರು ಮಾಡಿದಳು.

"ಮಾವಿನರಸಾ, ಮುಳ್ಳು ಉಂಟೆಂದು ಹೇಳಿದೆ. ಒಪ್ಪಿದೆ. ನನ್ನ ಮುಳ್ಳು ಹೊರಗೆ ಉಂಟು, ಬಂದವರಿಗೆ ಮೊದಲೇ ಕಾಣುತ್ತದೆ. ನೀನು ಹೊರಗೆ ನಯ. ಕಚ್ಚಿದವನ ಹಲ್ಲಿಗೆ ಗೊರಟು ತಾಗುವವರೆಗೆ ನಿನ್ನ ಗುಣ ಗೊತ್ತಾಗುವುದಿಲ್ಲ. ನಮ್ಮಿಬ್ಬರಲ್ಲಿ ನಂಬಿಕೆಗೆ ಯೋಗ್ಯರು ಯಾರು?"

ನನ್ನ ಮೈ ಜುಂ ಎಂದಿತು. ಇದನ್ನು ನಾನು ಹೇಳಿಕೊಟ್ಟದ್ದಲ್ಲ! ಹಮೀದಾಕ ಹಿಂದಿನ ಸಾಲಿನಲ್ಲಿ ಎದ್ದು ನಿಂತ.

ಧನ್ಯಾ ಬಿಡುತ್ತಾಳೆಯೇ? ಅವಳೊಂದು, ಇವಳೊಂದು. ಮಾತಿಗೆ ಮಾತು ಬೆಳೆದು ಹಲಸಿನ ಮೇಣದಿಂದ ಮಾವಿನ ಸೊನೆಯವರೆಗೆ ಎಲ್ಲವೂ ಬಂತು. ನಾನು ಗಡಿಯಾರ ನೋಡಿದೆ. ಸಾಹೇಬರು ನಡುವೆ ಬಾಯಿ ಹಾಕಿ, ಇಬ್ಬರೂ ಒಳ್ಳೆಯ ಹಣ್ಣುಗಳೇ, ರಾಜಿ ಮಾಡಿಕೊಳ್ಳಿ ಮಕ್ಕಳೇ ಎಂದರು. ತಕ್ಷಣ ಮಾವೂ ಹಲಸೂ ಒಂದಾಗಿ ಸಾಹೇಬರ ಮೇಲೆ ತಿರುಗಿದವು. ರುಚಿ ನೋಡದೆ ತೀರ್ಪು ಕೊಡುವ ನ್ಯಾಯಾಧೀಶ ಯಾವ ರಾಜ್ಯದವನು ಎಂದು ನನ್ನ ಮಗಳು ಕೇಳಿದಳು!

ನಾನು ತಟ್ಟನೆ ಕೈ ಎತ್ತಿದೆ. ವನಜಾ ಟೀಚರ್ ಇಷ್ಟು ದಿನದ ಸಂಕಟವನ್ನೆಲ್ಲ ಸೇರಿಸಿ ಗಂಟೆ ಬಡಿದರು.

ಗಂಟೆಯ ವಿಷಯ ಪಾತ್ರಧಾರಿಗಳಿಗೆ ಹೇಳಿದ್ದೆ. ಉಳಿದ ಮಕ್ಕಳಿಗೆ ಹೇಳಿರಲಿಲ್ಲ. ಒಂದನೇ ಕ್ಲಾಸಿನಿಂದ ಹಿಡಿದು ಎಲ್ಲರೂ ಊಟದ ಗಂಟೆಯೆಂದು ಬಟ್ಟಲು ಹಿಡಿದುಕೊಂಡು ಓಡಿ ಬಂದು ಸಾಲಾಗಿ ಕೂತರು. ಕಮಲಕ್ಕನ ಅನ್ನ ಇನ್ನೂ ಕುದಿಯುತ್ತಿತ್ತು. ಊಟ ಬಾರದ್ದನ್ನು ಕಂಡು ಸಣ್ಣವರು ಬಟ್ಟಲು ಬಡಿಯಲು ಶುರು ಮಾಡಿದರು. ಅದನ್ನು ಕೇಳಿ ದೊಡ್ಡವರೂ ಬಡಿದರು. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು. ಮಾಷ್ಟ್ರು ಹೋದರು, ಮಾನ ಹೋಯಿತು, ಎಲ್ಲ ಹೋಯಿತು ಎಂದು ಕಣ್ಣು ಮುಚ್ಚಿ ಕೂತೆ.

ಕಣ್ಣು ತೆರೆದರೆ ಸಾಹೇಬರು ತಲೆ ತೂಗುತ್ತಿದ್ದರು.

"ಓಹೋ! ಹಿಮ್ಮೇಳ ಕೂಡಾ ಉಂಟು!"

ಆ ಮನುಷ್ಯ ತಾಳಮದ್ದಳೆಯ ಹುಚ್ಚ. ಸುಳ್ಯದಿಂದ ಸಂಪಾಜೆಯವರೆಗೆ ಎಲ್ಲಿ ಕೂಟ ಇದ್ದರೂ ಅವರಿಗೆ ಒಂದು ಪಾತ್ರ ಉಂಟಂತೆ. ಫೈಲನ್ನು ನನ್ನ ಮಡಿಲಿಗೆ ಹಾಕಿ, ಪ್ಯಾಂಟು ಸ್ವಲ್ಪ ಮೇಲೆಳೆದು, ಬೆಂಚಿನಲ್ಲಿ ಚಕ್ಕಳಮಕ್ಕಳ ಕೂತು, ಇಷ್ಟು ಹೊತ್ತು ಸಭೆಯಲ್ಲಿದ್ದೂ ಸುಮ್ಮನಿದ್ದ ಬಾಳೆಯರಸ ನಾನು ಎಂದು ಗುಡುಗಿದರು! ಬಟ್ಟಲುಗಳು ಇನ್ನೂ ಜೋರಾದವು. ಬಾಳೆಯರಸನಿಗೆ ಮುಳ್ಳೂ ಇಲ್ಲ, ಗೊರಟೂ ಇಲ್ಲ, ವರ್ಷವಿಡೀ ಸಿಗುವವನು ಎಂದು ಸಾಹೇಬರು ವಾದ ಕಟ್ಟಿದರು. ಶಾಹಿನಾ ಎರಡೇ ಮಾತಿನಲ್ಲಿ ಮುಗಿಸಿದಳು. ಒಂದು ಗೊನೆ ಕೊಟ್ಟ ಮೇಲೆ ಕಡಿಸಿಕೊಂಡು ಬೀಳುವ ಅರಸನಿಗೆ ಸಿಂಹಾಸನ ಎಷ್ಟು ದಿನಕ್ಕೆ ಎಂದಳು. ಸಾಹೇಬರು ಕೈಜೋಡಿಸಿ ಸೋತೆ ತಾಯೇ ಎಂದರು. ಚಪ್ಪಾಳೆಯೋ ಚಪ್ಪಾಳೆ. ನಾನು ಶಶಿಯ ಕಡೆ ತಿರುಗಿ ಹುಬ್ಬು ಹಾರಿಸಿದೆ. ಅವಳು ಆಗಲೂ ಸುಮ್ಮನಿದ್ದಳು. ಅದನ್ನು ನಾನು ಗಮನಿಸಬೇಕಿತ್ತು.

ಟೀಚರ್ ಕೋಣೆಯಲ್ಲಿ ಸಾಹೇಬರಿಗೆ ತಿನ್ನಲು ಗೋಳಿಬಜೆ, ಕುಡಿಯಲು ಬೊಂಡದ ನೀರು. ಅವರ ಮುಖದಲ್ಲಿ ಸಂತೋಷ ಕುಣಿಯುತ್ತಿತ್ತು. ಮಕ್ಕಳಿಗೆ ಕಲಿಸಿದವರು ಯಾರು ಎಂದು ಕೇಳಿದರು. ನಾನು ನೆಲ ನೋಡಿಕೊಂಡು ನನ್ನ ಅಂಗಿಯ ಗುಂಡಿಯನ್ನು ತಿರುಗಿಸಿದೆ. ಅವರು ನನ್ನ ಕೈ ಕುಲುಕಿದರು. ವನಜಾ ಟೀಚರ್ ಸಮಯ ನೋಡಿ, ಸರ್, ಆದರೆ ನಮ್ಮಲ್ಲಿ ಚಿತ್ರಕಲೆಗೆ… ಎಂದು ಶುರು ಮಾಡಿದರು.

ನಮ್ಮ ಊರಿನವರಿಗೆ ಒಂದು ರೋಗ ಉಂಟು. ಮನೆಗೆ ಬಂದವರು ಹೇಗಿದ್ದೀರಿ ಎಂದು ಕೇಳಿದರೆ, ಮಾಡು ಸೋರುತ್ತಿದ್ದರೂ ನಾವು ಬಾಲ್ದಿಯನ್ನು ಕಾಲಿನಿಂದ ಮಂಚದ ಅಡಿಗೆ ದೂಡಿ, ಎಂತ ತೊಂದರೆ ಇಲ್ಲ ಎನ್ನುತ್ತೇವೆ. ಆ ರೋಗ ಆ ಕ್ಷಣ ನನ್ನ ನಾಲಿಗೆಗೆ ಏರಿತು.

"ಕೊರತೆ ಎಂತದೂ ಇಲ್ಲ ಸರ್!" ಎಂದೆ.

ಸಾಹೇಬರು ಫೈಲು ಮುಚ್ಚಿದರು.

"ನೋಡಿದ್ರೇ ಗೊತ್ತಾಗ್ತದೆ. ಇಂಥ ಗುರುಗಳು ಇರುವ ಶಾಲೆಗೆ ಬೇರೆ ಕಲಾ ಶಿಕ್ಷಕರು ಯಾಕೆ? ಪಾಪ, ಎಂತದೂ ಇಲ್ಲದ ಶಾಲೆಗಳು ಉಂಟು. ಮಾಷ್ಟ್ರನ್ನು ಅಲ್ಲಿಗೆ ಕೊಡುವಾ. ನೀವೇ ಹೀಗೇ ಮುಂದುವರಿಸಿ."

ನನಗೆ ಸುರುವಿಗೆ ಅರ್ಥವೇ ಆಗಲಿಲ್ಲ. ನಗುತ್ತಲೇ ಇದ್ದೆ. ಅರ್ಥವಾಗುವಾಗ ಬಾಯಲ್ಲಿದ್ದ ಗೋಳಿಬಜೆ ಮುಂದೆಯೂ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ. ಕಣ್ಣು ಹೊರಗೆ ಬಂತು. ಪಕ್ಕದಲ್ಲಿ ಬಡಿಸುತ್ತಿದ್ದ ಶಶಿ ಬೆನ್ನಿಗೆ ಗುದ್ದಿದಳು. ಬೇಕಾದ್ದಕ್ಕಿಂತ ಒಂದೆರಡು ಗುದ್ದು ಹೆಚ್ಚೇ ಬಿತ್ತು ಎಂದು ನನ್ನ ಅಂದಾಜು. ನಾನು ಕೆಮ್ಮಿ ಮುಗಿಸುವಾಗ ಸಾಹೇಬರ ಕಾರು ಗೇಟು ದಾಟಿತ್ತು. ವನಜಾ ಟೀಚರ್ ಗೋಡೆಗೆ ಒರಗಿ ನಿಂತಿದ್ದರು. ಬೈದಿದ್ದರೆ ನನಗೆ ಸುಖವಿತ್ತು.

ಡ್ರಾಯಿಂಗ್ ಮಾಷ್ಟ್ರು ಕಡಬ ಕಡೆಯ ಒಂದು ಶಾಲೆಗೆ ಹೋದರು. ಅಲ್ಲಿಯ ಅಧ್ಯಕ್ಷರು ಸಾಹೇಬರನ್ನು ಒಂದು ಖಾಲಿ ಕೋಣೆಗೆ ಕರೆದುಕೊಂಡು ಹೋಗಿ, ನೋಡಿ ಸರ್, ನಮ್ಮಲ್ಲಿ ಎಂತದೂ ಇಲ್ಲ ಎಂದರಂತೆ. ಅಷ್ಟೇ ಹೇಳಿದ್ದಂತೆ! ಶಾಮಿಯಾನ ಇಲ್ಲ, ಗೋಳಿಬಜೆ ಇಲ್ಲ, ಕಾಳಗ ಇಲ್ಲ. ಇದನ್ನು ಕೇಳಿ ನಾನು ಅಂಗಡಿಯಲ್ಲಿ ಸುತ್ತುತ್ತಿದ್ದ ಮೋಟಾರಿಗೆ ಉಲ್ಟಾ ತಂತಿ ಸುತ್ತಿದೆ. ಅದು ತಿರುಗಿದ್ದೂ ಉಲ್ಟಾ.

ಆ ಸಂಜೆ ಶಾಹಿನಾ ಬಂದು ಎದುರಿನ ಸ್ಟೂಲಿನಲ್ಲಿ ಕೂತಳು. ಕೈಯಲ್ಲಿ ಕಾಗದ ಇರಲಿಲ್ಲ. ಈಗ ಅರಸಿಯ ಭಾಷೆಯಲ್ಲಿ ಪ್ರಶ್ನೆ ಬರುತ್ತದೆ, ಬರಲಿ, ಎದುರಿಸುವಾ ಎಂದು ನಾನು ಸಿದ್ಧನಾದೆ. ಅವಳು ಹಳೆಯ ಸಣ್ಣ ಸ್ವರದಲ್ಲಿ ಕೇಳಿದಳು.

"ಮಾಮ, ನಾನು ಸೋತಿದ್ರೆ ಮಾಷ್ಟ್ರು ಬರ್ತಿದ್ರಾ?"

ಹೌದು ಎಂದರೂ ತಪ್ಪು, ಅಲ್ಲ ಎಂದರೆ ಸುಳ್ಳು. ಇಷ್ಟು ದಿನ ಮಕ್ಕಳಿಗೆ ಮಾತು ಕಲಿಸಿದವನ ಹತ್ತಿರ ಒಂದು ಮಾತು ಇರಲಿಲ್ಲ. ಅವಳು ಎದ್ದು ಹೋದಳು. ನಮ್ಮ ಶಾಲೆ ಏಳರವರೆಗೆ ಮಾತ್ರ, ಬರುವ ವರ್ಷ ಅವಳು ಇಲ್ಲಿ ಇರುವುದಿಲ್ಲ.

ಆದಿತ್ಯವಾರ ಬೆಳಿಗ್ಗೆ ಕಪಾಟಿನ ಬೀಗ ತೆಗೆದು ಅವಳ ಚಿತ್ರಗಳನ್ನೆಲ್ಲ ಚೀಲಕ್ಕೆ ಹಾಕಿ ಪುತ್ತೂರಿಗೆ ಬಸ್ಸು ಹತ್ತಿದೆ. ಸಾಹೇಬರ ಮನೆ ದರ್ಬೆಯಲ್ಲಿ. ದಾರಿಯುದ್ದಕ್ಕೂ ಪೀಠಿಕೆ ಕಟ್ಟಿದ್ದೆ. ಬಾಗಿಲು ತೆರೆದ ಕೂಡಲೇ ಶುರು ಮಾಡಿದೆ. ಮಹಾಸ್ವಾಮಿ, ಕೊರತೆ ಎಂಬುದು ಎರಡು ವಿಧ, ಕಾಣುವಂಥದು, ಕಾಣದಂಥದು ಎಂದೆ. ಅವರು ನಗುತ್ತಾ ಕೇಳಿದರು. ಎಲ್ಲ ಕೇಳಿ ಒಂದೇ ಮಾತು ಹೇಳಿದರು. "ಕೊರತೆ ಎಂತದೂ ಇಲ್ಲ ಸರ್ ಅಂತ ಹೇಳಿದ ಬಾಯಿ ಯಾರದ್ದು ರೈಗಳೇ?"

ಎದುರಿನವರ ಮಾತಿನಿಂದಲೇ ಅವರನ್ನು ಕಟ್ಟಿಹಾಕುವುದು. ಮೊದಲ ಪಾಠ! ನಾನು ಚೀಲವನ್ನು ಅವರ ಟೀಪಾಯಿಯ ಮೇಲೆ ಬೋರಲು ಹಾಕಿದೆ.

ಅವರು ಒಂದೊಂದನ್ನೇ ಎತ್ತಿ ನೋಡಿದರು. ಮೋಟಾರು, ತಕ್ಕಡಿ, ಹಮೀದಾಕನ ಕೈ, ಹಲಸಿನ ಹಣ್ಣು, ಪುನಃ ಹಲಸಿನ ಹಣ್ಣು. ನಗು ಹೋಯಿತು. ಇದು ಆ ಹಲಸಿನರಸಿ ಬಿಡಿಸಿದ್ದಾ ಎಂದು ಕೇಳಿದರು. ಹೌದೆಂದೆ. "ಅಲ್ಲ ಮಾರಾಯ್ರೆ, ಇದನ್ನು ಬೀಗ ಹಾಕಿ ಇಟ್ಟು ನೀವು ನನಗೆ ಗೋಳಿಬಜೆ ಕೊಟ್ಟದ್ದಾ?" ಎಂದರು. ನಾನು ಖಾಲಿ ಚೀಲವನ್ನು ಮಡಚತೊಡಗಿದೆ.

ಈ ವರ್ಷಕ್ಕೆ ತೀರ್ಮಾನ ಆಗಿ ಹೋಗಿತ್ತು, ಇನ್ನು ಬದಲಿಸಿದರೆ ಕಡಬದ ಮಕ್ಕಳ ಕೈಯಿಂದ ಕಸಿದ ಹಾಗೆ. ಆದರೆ ಅವರು ಅಲ್ಲೇ ಡ್ರಾಯಿಂಗ್ ಮಾಷ್ಟ್ರಿಗೆ ಫೋನು ಮಾಡಿ ನನ್ನ ಕೈಗೆ ಕೊಟ್ಟರು. ಉರುಟು ಇದ್ದದ್ದು ಚಪ್ಪಟೆ ಆಗ್ತದೆ ಮಾಷ್ಟ್ರೇ ಎಂದು ನಾನು ತೊದಲಿದೆ. ಅವರು ತಾಳ್ಮೆಯಿಂದ ಹೇಳಿದರು. ಉರುಟಾದ ಒಂದು ವಸ್ತುವನ್ನು ಕಿಟಕಿಯ ಹತ್ತಿರ ಇಡಿ, ಬೆಳಕು ಒಂದೇ ಕಡೆಯಿಂದ ಬೀಳಲಿ, ಮುಟ್ಟಬೇಡಿ, ಅಲ್ಲಾಡಿಸಬೇಡಿ, ಬೆಳಕು ಎಲ್ಲಿ ಮುಗಿಯುತ್ತದೆ ಎಂದು ಮಗು ನೋಡುತ್ತಾ ಇರಲಿ, ತಿಂಗಳಿಗೊಮ್ಮೆ ಚಿತ್ರ ಕಳಿಸಿ ಎಂದರು. ನಾನು ಹಾರಿಕೊಂಡು ಮನೆಗೆ ಬಂದೆ.

ಬಂದ ಮೇಲೆ ಹೊಸ ಸಮಸ್ಯೆ. ಹಲಸಿನ ಕಾಲ ಮುಗಿದಿತ್ತು. ಕುಂಬಳಕಾಯಿಯನ್ನು ಕಿಟಕಿಯಲ್ಲಿಟ್ಟರೆ ಕಮಲಕ್ಕ ಸಾಂಬಾರಿಗೆ ಕೊಂಡುಹೋದರು. ದೊಡ್ಡದು, ಉರುಟಾದದ್ದು, ಯಾರೂ ಕೊಯ್ದುಕೊಂಡು ಹೋಗದ್ದು ಎಲ್ಲಿಂದ ತರುವುದು ಎಂದು ನಾನು ತಲೆ ಕೆರೆದುಕೊಂಡು ಜಗಲಿಯಲ್ಲಿ ಒರಗಿದ್ದೆ, ಮೈಮೇಲೆ ಬನಿಯಾನು ಮಾತ್ರ. ಶಶಿ ನನ್ನ ಹೊಟ್ಟೆಯ ಕಡೆ ನೋಡಿ ಕೊನೆಗೂ ಮೌನ ಮುರಿದಳು.

"ಹುಡುಕ್ಲಿಕ್ಕೆ ಎಂತಕ್ಕೆ ಹೋಗುದು? ಮನೆಯಲ್ಲೇ ಒಂದು ಉಂಟಲ್ಲ" ಎಂದಳು.

ಅಲ್ಲಿಂದ ಪ್ರತಿ ಶನಿವಾರ ಡ್ರಾಯಿಂಗ್ ಪಿರಿಯಡಿನಲ್ಲಿ ಕಿಟಕಿಯ ಹತ್ತಿರದ ಖಾಲಿ ಕುರ್ಚಿಯಲ್ಲಿ, ಬೆಳಕು ಎಡದಿಂದ ಬೀಳುವ ಹಾಗೆ, ಎಸ್‌ಡಿಎಂಸಿ ಅಧ್ಯಕ್ಷನನ್ನು ಬಿಳಿ ಬನಿಯಾನಿನಲ್ಲಿ ಕೂರಿಸಲಾಗುತ್ತದೆ. ಎದುರು ಶಾಹಿನಾ, ಪಕ್ಕದಲ್ಲಿ ಧನ್ಯಾ, ಹಿಂದೆ ಇಡೀ ಕ್ಲಾಸು. ಮೊದಲ ದಿನ ನಾನು ಕಲೆಯ ಮಹತ್ವದ ಬಗ್ಗೆ ಎರಡು ಮಾತು ಹೇಳಲು ಗಂಟಲು ಸರಿ ಮಾಡಿದೆ. ಶಾಹಿನಾ ಪೆನ್ಸಿಲ್ ಎತ್ತಿದಳು.

"ಮಾತಾಡ್ಲಿಕ್ಕಿಲ್ಲ ಮಾಮ. ನೆರಳು ಅಲ್ಲಾಡ್ತದೆ."

ದೂತನ ಪಾತ್ರದಲ್ಲಾದರೂ ಎರಡು ಮಾತು ಇತ್ತು. ಇಲ್ಲಿ ಅದೂ ಇಲ್ಲ.

ಮಳೆಗಾಲ ಮುಗಿದು ಬಿಸಿಲು ಚುರುಕಾದ ಮೇಲೆ ಅವಳ ಚಿತ್ರ ಕೈಗೆ ಬಂತು. ವನಜಾ ಟೀಚರ್ ಅದಕ್ಕೆ ಕಟ್ಟು ಹಾಕಿಸಿ ತಮ್ಮ ಕೋಣೆಯ ಬಾಗಿಲ ಮೇಲೆ ತೂಗು ಹಾಕಿದ್ದಾರೆ. ಉರುಟೆಂದರೆ ಉರುಟು. ಎತ್ತಿ ಹೆಗಲ ಮೇಲೆ ಇಟ್ಟುಕೊಂಡು ಹೋಗಬಹುದು, ಹಾಗೆ ಕಾಣುತ್ತದೆ. ಕಡಬದ ಮಾಷ್ಟ್ರು ಫೋನು ಮಾಡಿ, ಈ ಮಗುವನ್ನು ಬಿಡಬೇಡಿ ಎಂದು ಹೇಳಿದ್ದಾರೆ. ಹಮೀದಾಕ ಬಂದವರಿಗೆಲ್ಲ ತೋರಿಸಲು ಕರೆದುಕೊಂಡು ಹೋಗುತ್ತಾನೆ. ಮೊನ್ನೆ ಸಾಹೇಬರೂ ಬಂದು ಬಹಳ ಹೊತ್ತು ನೋಡಿ, ಎಂಥ ಹಲಸಿನ ಹಣ್ಣು ಮಾರಾಯ್ರೆ, ಬಾಯಲ್ಲಿ ನೀರು ಬರ್ತದೆ ಎಂದರು.

ನಾನು ಪಕ್ಕದಲ್ಲೇ ನಿಂತಿದ್ದೆ. ಶಾಹಿನಾ ಕೊನೆಗೆ ಅದಕ್ಕೆ ಮುಳ್ಳು ಬಿಡಿಸಿದ್ದಳು, ಮೇಲೆ ಒಂದು ತೊಟ್ಟನ್ನೂ ಇಟ್ಟಿದ್ದಳು. ಆದರೆ ಹೆತ್ತ ತಾಯಿಗೂ ಕಟ್ಟಿಕೊಂಡ ಹೆಂಡತಿಗೂ ಗುರುತು ತಪ್ಪುವುದಿಲ್ಲ. ಶಶಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೊರಗೆ ಓಡಿದಳು. ಸಾಹೇಬರು ತಾರೀಫು ಮಾಡುತ್ತಲೇ ಇದ್ದರು. ನಾನು ಅಂಗಿಯ ಗುಂಡಿ ಹಾಕಿಕೊಂಡು, ಉಸಿರು ಒಳಗೆ ಎಳೆದು ಸುಮ್ಮನೆ ನಿಂತೆ.